ಬಿಳಿ ಬಳಿಸಿಕೊಂಡ ಅವ್ವ

ಗಾಂಧಿಬಜಾರಿನ ಹತ್ತಿರದ ಒಂದು ಸ್ಟುಡಿಯೋದಲ್ಲಿ ಅವ್ವನ ಹಳೇ ಫೋಟೋ ದೊಡ್ಡದು ಮಾಡಿಸಿದೆ. ಕಟ್ಟು ಹಾಕಿಸಿ ಊರಿಗೆ ಒಯ್ದರೆ ಅವ್ವ, 'ಇವ್ಳು ಯಾರ್ಲಾ ಮಗ?' ಅಂದಳು. ಮುಖ ಬೆಳ್ಳಗಾಗಿತ್ತು. ಕೇಳಿದರೆ, 'ಚೆನ್ನಾಗ್ ಕಾಣ್ಲಿ ಅಂತ ಮಾಡ್ದೆ ಸಾರ್' ಅಂದರು. ಅವರಲ್ಲಿ ಕೇಡಿರಲಿಲ್ಲ. ಕಾಡುತ್ತಿರುವುದು ಅದೇ. ಪ್ರೀತಿಯಿಂದ ಅಳಿಸಿದರೆ ಅದು ಅಳಿಸಿದ್ದಲ್ಲವೆ?

ಗೆಳೆಯರೆ, ಮುಖ ಬರೆಯುವುದೂ ಒಂದು ಅಧಿಕಾರ. ಇಥಿಯೋಪಿಯಾದಿಂದ ಗುಲಾಮನಾಗಿ ಬಂದು ಅಹಮದ್‌ನಗರದ ಆಡಳಿತ ಹಿಡಿದವನು ಮಲಿಕ್ ಅಂಬರ್. ಜಹಾಂಗೀರನ ಕೈಗೆ ಅವನು ಸಿಗಲೇ ಇಲ್ಲ. 1616ರ ಸುಮಾರಿಗೆ ಬಾದಶಹ, ಅಂಬರನ ಕಡಿದ ತಲೆಗೆ ತಾನು ಬಾಣ ಬಿಡುವ ಚಿತ್ರ ಬರೆಸಿಕೊಂಡ. ಅಂಬರ್ ಸತ್ತದ್ದು 1626ರಲ್ಲಿ! ಹಿಡಿಯಲಾಗದವನನ್ನು ಬಣ್ಣದಲ್ಲಿ ಕೊಂದರು.

ನಮ್ಮ ಬಿಜಾಪುರದ ಕಲಾವಿದರು ಅದೇ ಶತಮಾನದಲ್ಲಿ ಹಬ್ಶಿ ಮಂತ್ರಿ ಇಖ್ಲಾಸ್ ಖಾನನನ್ನು ಕಪ್ಪಗೇ ಬರೆದು, ಸುಲ್ತಾನನ ಹಿಂದೆ ಆನೆಯ ಮೇಲೆ ಕೂರಿಸಿದರು. ಸರಿ, ಮಂತ್ರಿಗೆ ಚಿತ್ರ ಸಿಕ್ಕಿತು. ಗುಲಾಮಗಿರಿ ತಪ್ಪಿಸಿಕೊಂಡು ಕಾಡು ಸೇರಿದ ಸಿದ್ದಿಗಳಿಗೆ? ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿ ಸೇರಿದ್ದೇ 2003ರಲ್ಲಿ.

ಅವರು ಕಾಯಲಿಲ್ಲ. ಯಲ್ಲಾಪುರ, ಹಳಿಯಾಳದ ಸಿದ್ದಿ ಹೆಂಗಸರು ಹಳೇ ಸೀರೆ, ಅಂಗಿಯ ತುಂಡು ಸೇರಿಸಿ ಕೌದಿ ಹೊಲಿಯುತ್ತಾರೆ. ಅಂಚಿನಿಂದ ಶುರು ಮಾಡಿ ಸುತ್ತುತ್ತ ನಡುವಿಗೆ ಬರುತ್ತಾರೆ. ಉಟ್ಟವರ ಬೆವರು ಅದರಲ್ಲಿದೆ. ಮುಖವಿಲ್ಲದ ಭಾವಚಿತ್ರ ಅದು, ಯಾರೂ ತಿದ್ದಲಾರರು.

ಅವ್ವನನ್ನು ಯಾರೂ ಕೇಳಲಿಲ್ಲ. ಕೇಳದೆ ತೋರಿದ ಪ್ರೀತಿಯೂ ಅಳಿಸುವುದೇ. ಫೋಟೋ ವಾಪಸ್ ಕೊಟ್ಟು ಹೇಳಿದೆ: 'ಇದ್ದ ಹಾಗೇ ಮಾಡಿಕೊಡಿ.'

'ಕಪ್ಪಗೆ ಬರುತ್ತೆ ಸಾರ್.'

'ನಮ್ಮವ್ವ ಇರೋದೇ ಹಂಗೆ.'