ಕೊಳ್ಳುವವನ ಋಣ

ವಸ್ತುವನ್ನು ಮಾಡುವವನಿಗೆ ಧರ್ಮಾಧರ್ಮಗಳುಂಟು, ಮಾರುವವನಿಗೂ ಉಂಟು. ಇದನ್ನು ಯಾರೂ ಅಲ್ಲಗಳೆಯರು. ಆದರೆ ನ್ಯಾಯವಾಗಿ ಹಣ ತೆತ್ತು ಕೊಂಡವನಿಗೆ ಆ ವಸ್ತುವಿನ ಹುಟ್ಟಿನಲ್ಲಿ ನಡೆದ ಅನ್ಯಾಯದ ಪಾಲು ತಗಲುವುದೆ? ವಜ್ರ, ಪೀತಾಂಬರ ಮೊದಲಾದುವನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಚರ್ಚಿಸುವುದು ಸುಲಭ. ಅವುಗಳನ್ನು ಬೇಡವೆನ್ನಲು ಕಷ್ಟವಿಲ್ಲ. ದೇವರ ದೀಪಕ್ಕೂ ಅಡುಗೆಯ ಒಲೆಗೂ ಬೇಕಾದ ಬೆಂಕಿಕಡ್ಡಿಯ ವಿಷಯದಲ್ಲಿ ಇದನ್ನು ಕೇಳಿದಾಗಲೇ ಇದರ ತೊಡಕು ತಿಳಿಯುವುದು.

ರಂಜಕವೆಂಬ ಮೂಲವಸ್ತುವನ್ನು 1669ರಲ್ಲಿ ಹ್ಯಾಂಬರ್ಗ್ ನಗರದ ಹೆನ್ನಿಗ್ ಬ್ರಾಂಡ್ ಎಂಬ ರಸವಾದಿಯು ಮೂತ್ರವನ್ನು ಬತ್ತಿಸಿ ಕಾಯಿಸುತ್ತ, ಚಿನ್ನವನ್ನು ಹುಡುಕಹೋಗಿ ಕಂಡನು. ಅದರ ರೂಪಗಳಲ್ಲಿ ಎರಡು ಇಲ್ಲಿ ಮುಖ್ಯವಾದುವು. ಬಿಳಿಯ ರಂಜಕದಲ್ಲಿ ನಾಲ್ಕು ನಾಲ್ಕು ಪರಮಾಣುಗಳು ಇಕ್ಕಟ್ಟಾಗಿ ಕೂಡಿಕೊಂಡಿರುತ್ತವೆ. ಆ ಕಟ್ಟು ಗಟ್ಟಿಯಲ್ಲ. ಸುಮಾರು 30 ಡಿಗ್ರಿ ಸೆಂಟಿಗ್ರೇಡ್ ಉಷ್ಣದಲ್ಲಿಯೇ, ಎಂದರೆ ಬಯಲುಸೀಮೆಯ ಬೇಸಗೆಯ ಹಗಲಿನಲ್ಲಿ ತಾನಾಗಿಯೇ, ಅದು ಗಾಳಿ ಸೋಕಿ ಹೊತ್ತಿಕೊಳ್ಳುತ್ತದೆ. ಮೇಲಾಗಿ ಘೋರ ವಿಷ. ಅದನ್ನೇ ಗಾಳಿ ತಾಗದಂತೆ ಸುಮಾರು 250 ಡಿಗ್ರಿಗೆ ಕಾಯಿಸಿದರೆ ಪರಮಾಣುಗಳು ಬೇರೊಂದು ಹೆಣಿಗೆಯಲ್ಲಿ ಸೇರಿ ಕೆಂಪು ರಂಜಕವಾಗುತ್ತದೆ. ಇದು ಕೈಯಲ್ಲಿ ಹಿಡಿದರೂ ಉರಿಯದು. ಇದರ ವಿಷವೂ ಅತ್ಯಲ್ಪ. ದ್ರವ್ಯ ಒಂದೇ, ಜೋಡಣೆ ಬೇರೆ.

1830ರ ಸುಮಾರಿಗೆ ಬಿಳಿ ರಂಜಕದ ಕಡ್ಡಿಯು ಬಳಕೆಗೆ ಬಂದಿತು. ಗೋಡೆಗೆ ಉಜ್ಜಿದರೂ ಪಾದರಕ್ಷೆಗೆ ಉಜ್ಜಿದರೂ ಅದು ಹೊತ್ತುತ್ತಿದ್ದುದರಿಂದ ಜನಕ್ಕೆ ಬಹಳ ಮೆಚ್ಚುಗೆಯಾಯಿತು. ಆದರೆ ಅದನ್ನು ಮಾಡುವ ಕಾರ್ಖಾನೆಗಳ ಹಬೆಯಲ್ಲಿ ದುಡಿದವರಿಗೆ ಹಲ್ಲುನೋವಿನಿಂದ ಮೊದಲಾಗಿ ದವಡೆಯ ಎಲುಬೇ ಕೊಳೆಯತೊಡಗಿತು. ವಿಚಿತ್ರವೇನೆಂದರೆ, ಈ ರೋಗವನ್ನು ವೈದ್ಯ ಲೋರಿನ್ಸರನು ವರ್ಣಿಸಿದುದೂ, ಕೆಂಪು ರಂಜಕದ ನಿಜಸ್ವರೂಪವನ್ನು ಶ್ರೋಟರನು ಅರಿತುದೂ 1840ರ ದಶಕದಲ್ಲಿ, ವಿಯೆನ್ನಾ ಎಂಬ ಒಂದೇ ನಗರದಲ್ಲಿ. ರೋಗದ ಬೆನ್ನಿಗೇ ಪರಿಹಾರವೂ ಹುಟ್ಟಿತೆನ್ನಬೇಕು. 1855ರ ಪ್ಯಾರಿಸ್ ಪ್ರದರ್ಶನದಲ್ಲಿ ಸ್ವೀಡನ್ ದೇಶದ ಲುಂಡ್‌ಸ್ಟ್ರೋಮ್ ಸೋದರರು ನಿರಪಾಯವಾದ ಕಡ್ಡಿಯನ್ನೂ ತೋರಿಸಿದರು. ಈಗ ಮನೆಮನೆಯಲ್ಲಿರುವುದು ಈ ಬಗೆಯದೇ. ಇದರ ಕಡ್ಡಿಯ ತಲೆಯಲ್ಲಿ ರಂಜಕವೇ ಇಲ್ಲ. ಅಲ್ಲಿರುವುದು ಪೊಟಾಸಿಯಂ ಕ್ಲೋರೇಟು ಮುಂತಾದುವು. ಕೆಂಪು ರಂಜಕವು ಗಾಜಿನ ಪುಡಿಯೊಡನೆ ಪೊಟ್ಟಣದ ಪಕ್ಕಕ್ಕೆ ಬಳಿದಿರುತ್ತದೆ.

ಹೀಗಿದ್ದೂ ಬಿಳಿ ರಂಜಕದ ಕಡ್ಡಿಯು ಮತ್ತೆ ಐವತ್ತು ವರ್ಷ ಬಾಳಿತು. ಅದು ಅಗ್ಗ, ಎಲ್ಲಿ ಉಜ್ಜಿದರೂ ಹೊತ್ತುವುದು, ಅಷ್ಟೇ ಕಾರಣ. 1888ರಲ್ಲಿ ಲಂಡನ್ನಿನ ಬ್ರಯಂಟ್ ಅಂಡ್ ಮೇ ಕಾರ್ಖಾನೆಯ ಸುಮಾರು 1,400 ಹೆಂಗಸರೂ ಹುಡುಗಿಯರೂ ಕೆಲಸ ಬಿಟ್ಟು ಹೊರಬಂದರು. ಮುಂದೆ ಮದರಾಸಿನ ಅಡಯಾರಿನಲ್ಲಿ ನೆಲಸಿ ಈ ದೇಶದಲ್ಲಿ ಮನೆಮಾತಾದ ಆನಿ ಬೆಸೆಂಟರು ಆಗ ಅವರ ಕಷ್ಟವನ್ನು ಪತ್ರಿಕೆಯಲ್ಲಿ ಬರೆದಿದ್ದರು. ಆ ಹುಡುಗಿಯರು ಗೆದ್ದುಕೊಂಡುದರಲ್ಲಿ ಊಟಕ್ಕೆ ಬೇರೆ ಕೋಣೆಯೂ ಒಂದು. ಅದುವರೆಗೆ ವಿಷ ಅಂಟಿದ ಮೇಜಿನ ಬಳಿಯಲ್ಲಿಯೇ ಅವರು ರೊಟ್ಟಿ ತಿನ್ನುತ್ತಿದ್ದರು.

ಆ ಮೇಲೆ ಕಡ್ಡಿ ಕೊಂಡ ಗೃಹಸ್ಥನು ತಿಳಿಯದೆ ಕೊಂಡೆನೆನ್ನುವಂತಿರಲಿಲ್ಲ. ಆದರೂ ಅವನನ್ನು ಪಾಪಿಯೆನ್ನುವುದು ಅತಿಯಾಯಿತು. ಮನುಸ್ಮೃತಿಯ ಐದನೆಯ ಅಧ್ಯಾಯದಲ್ಲಿ ಮಾಂಸದ ಪ್ರಸ್ತಾಪ ಬಂದಾಗ ಕೊಂದವನೊಡನೆ ಒಪ್ಪಿದವನನ್ನೂ ಕೊಂಡವನನ್ನೂ ತಿಂದವನನ್ನೂ ಘಾತಕರ ಸಾಲಿನಲ್ಲಿಯೇ ಎಣಿಸಿದೆ. ತರ್ಕ ಬಿಗಿಯಾಗಿದೆ; ಆದರೆ ಅದನ್ನು ಕಡ್ಡಿಗೆ ಹೊಂದಿಸಹೊರಟರೆ ಎಲ್ಲರೂ ಸಮಾನ ದೋಷಿಗಳಾಗಿ, ಲಾಭ ಪಡೆದ ಯಜಮಾನನು ಆ ಗುಂಪಿನಲ್ಲಿ ಮರೆಯಾಗಿ ಹೋಗುವನು. ಇಲ್ಲಿ ದೋಷವೆಂಬ ಮಾತಿಗಿಂತ ಋಣವೆಂಬುದು ಉಚಿತ. ಅಗ್ಗವಾಗಿ ದೊರೆತುದರಲ್ಲಿ ಉಳಿದ ಕಾಸು ಯಾರದೋ ದವಡೆಯಿಂದ ಬಂದುದು. ತಾತನ ಸಾಲವನ್ನು ಅರಿಯೆನೆಂದ ಮಾತ್ರಕ್ಕೆ ಮೊಮ್ಮಗನ ಮನೆಯ ಸಾಲ ಹರಿಯುವುದೆ? ಹಾಗೆಯೇ ಇದೂ.

ಈ ಋಣವನ್ನು ತೀರಿಸುವ ಬಗೆ ಹೇಗೆ? ಒಬ್ಬೊಬ್ಬನೂ ಒಳ್ಳೆಯ ಕಡ್ಡಿಯನ್ನೇ ಕೊಂಡರೆ ಸಾಕೆನ್ನುವವರುಂಟು. 1891ರಲ್ಲಿ ಸಾಲ್ವೇಷನ್ ಆರ್ಮಿ ಸಂಸ್ಥೆಯು ಲಂಡನ್ನಿನಲ್ಲಿ ಕಾರ್ಖಾನೆಯನ್ನು ತೆರೆದು, ಕೆಂಪು ರಂಜಕವನ್ನೇ ಬಳಸಿ, ಹೆಚ್ಚು ಕೂಲಿ ಕೊಟ್ಟು ಇದನ್ನು ಪರೀಕ್ಷಿಸಿ ನೋಡಿತು. ಬೆಲೆ ತುಸು ಹೆಚ್ಚು. ಹೊಗಳಿದವರು ಬಹಳ, ಕೊಂಡವರು ಕಡಮೆ. ಹತ್ತು ವರ್ಷಗಳಲ್ಲಿ ಕೆಲಸ ನಿಂತಿತು. ಬಡವನು ಕಾಸಿನ ಲೆಕ್ಕ ನೋಡಿದನೆಂದು ಅವನನ್ನು ಹಳಿಯಲಾಗದು. ಉಳ್ಳವರೂ ನೋಡಿದರೆಂಬುದೇ ಲಜ್ಜೆಯ ಮಾತು. ಕೊನೆಗೆ ಕೆಲಸ ಮಾಡಿದುದು ಕಾನೂನು. ಫಿನ್ಲೆಂಡ್ 1872ರಲ್ಲಿಯೇ ಬಿಳಿ ರಂಜಕದ ಕಡ್ಡಿಯನ್ನು ನಿಷೇಧಿಸಿತ್ತು. 1906ರಲ್ಲಿ ಬರ್ನ್ ನಗರದಲ್ಲಿ ಹಲವು ರಾಜ್ಯಗಳು ಒಪ್ಪಂದ ಮಾಡಿಕೊಂಡುವು. ಭಾರತದಲ್ಲಿ 1913ರಲ್ಲಿ ನಿಷೇಧದ ಶಾಸನವಾಯಿತು. ಎಲ್ಲರಿಗೂ ಒಂದೇ ನಿಯಮವಾದಾಗ ಒಳ್ಳೆಯವನಾಗಿರುವುದರಿಂದ ಯಾವ ವ್ಯಾಪಾರಿಗೂ ನಷ್ಟವಿಲ್ಲ. ಕೊಳ್ಳುವವನ ಋಣಸಂದಾಯವೆಂದರೆ ಇಂತಹ ನಿಯಮವನ್ನು ಬೇಡುವುದು, ಅದರಿಂದ ಏರುವ ಬೆಲೆಯನ್ನು ಗೊಣಗದೆ ತೆರುವುದು.

ರಂಜಕದ ವಿಷ ಹೋದ ಮಾತ್ರಕ್ಕೆ ಲೆಕ್ಕ ಮುಗಿಯಲಿಲ್ಲ. ತಮಿಳುನಾಡಿನ ಶಿವಕಾಶಿಯ ಸುತ್ತಿನಲ್ಲಿ ಈ ಕೈಗಾರಿಕೆ ಬೆಳೆದಾಗ ನಿರಪಾಯದ ಕಡ್ಡಿಯನ್ನೇ ಮಕ್ಕಳ ಕೈಗಳು ಪೊಟ್ಟಣಕ್ಕೆ ತುಂಬಿದುವು. 1986ರ ಶಾಸನವು ಹದಿನಾಲ್ಕು ವರ್ಷ ತುಂಬದವರನ್ನು ಆ ಕೆಲಸಕ್ಕೆ ಸೇರಿಸಬಾರದೆಂದಿತು. ಆದರೆ ಮನೆಯವರ ನೆರವಿನಿಂದಲೇ ನಡೆಯುವ ಕೆಲಸದ ಮನೆಗೆ ಅದು ಅನ್ವಯಿಸುತ್ತಿರಲಿಲ್ಲ.