ಸೂಜಿಯ ಮಾನ, ಉಳಿಯ ಮಾನ

ಅರಿವೆ ಹೊಲಿಯುವವನಿಗೂ ತೊಗಲು ಹೊಲಿಯುವವನಿಗೂ ಕೆಲಸದಲ್ಲಿ ಏನು ಅಂತರ? ಇಬ್ಬರೂ ಅಳತೆ ನೋಡುತ್ತಾರೆ, ಇಬ್ಬರೂ ಕತ್ತರಿಸುತ್ತಾರೆ, ಇಬ್ಬರೂ ತುಂಡಿಗೆ ತುಂಡು ಸೇರಿಸಿ ಮನುಷ್ಯನ ಮೈಗೆ ಒಪ್ಪುವ ವಸ್ತುವೊಂದನ್ನು ಮಾಡಿಕೊಡುತ್ತಾರೆ. ಆದರೂ ಆಳಂದ, ಅಫಜಲಪುರ, ಜೇವರ್ಗಿಗಳ ಪೇಟೆಯಲ್ಲಿ ತಿರುಗಾಡಿದವರಿಗೆ ಒಂದು ಸಂಗತಿ ಕಾಣದೆ ಇರದು. ದರ್ಜಿಗೆ ಅಂಗಡಿಯುಂಟು, ಹೆಸರಿನ ಫಲಕವುಂಟು, ಬಂದ ಗಿರಾಕಿ ಕೂಡಲು ಒಂದು ಬೆಂಚೂ ಉಂಟು. ಚಪ್ಪಲಿ ಹೊಲಿಯುವವನು ರಸ್ತೆಯ ಅಂಚಿಗೆ, ಕೊಡೆಯ ನೆರಳಿನಲ್ಲಿ, ನೆಲದ ಮೇಲೆ ಕುಳಿತಿರುತ್ತಾನೆ. ಗಿರಾಕಿ ಅವನೆದುರು ನಿಂತೇ ಇರುತ್ತಾನೆ. ಇದು ಹೀಗೇಕೆ, ಹೀಗೆಯೇ ಇರಬೇಕೆ ಎಂಬುದು ನನ್ನ ಪ್ರಶ್ನೆ.

ಕೌಶಲದ ತಾರತಮ್ಯದಿಂದ ಹೀಗಾಯಿತೆನ್ನೋಣವೆ? ಅರಿವೆಯ ಹೊಲಿಗೆ ತಪ್ಪಿದರೆ ಬಿಚ್ಚಿ, ಇಸ್ತ್ರಿ ಹಾಕಿ, ಮತ್ತೆ ಹೊಲಿಯಬಹುದು. ತೊಗಲಿನಲ್ಲಿ ಒಮ್ಮೆ ಬಿದ್ದ ತೂತು ಬಿದ್ದದ್ದೇ. ಗುಂಡುಸೂಜಿ ಚುಚ್ಚಿ ಹಿಡಿದುಕೊಳ್ಳುವುದಕ್ಕೂ ಇಲ್ಲ. ಅದೂ ಗುರುತು ಬಿಡುತ್ತದೆ. ಅರಿವೆಯನ್ನು ಹತ್ತು ಪದರ ಒಟ್ಟಿ ಒಂದೇ ಸಲ ಕತ್ತರಿಸಬಹುದು. ತೊಗಲು ಹಾಗಲ್ಲ. ಒಂದೇ ಚರ್ಮದಲ್ಲಿ ಬೆನ್ನಿನ ಭಾಗ ಗಟ್ಟಿ, ಹೊಟ್ಟೆಯ ಭಾಗ ಹಿಗ್ಗುವಂಥದು. ಯಾವ ತುಂಡು ಎಲ್ಲಿಗೆ ಸಲ್ಲುತ್ತದೆಂಬುದನ್ನು ಕೈಯಿಂದ ಮುಟ್ಟಿ ನೋಡಿಯೇ ತೀರ್ಮಾನಿಸಬೇಕು. ಕೌಶಲವನ್ನು ತಕ್ಕಡಿಗೆ ಹಾಕಿದರೆ ಉಳಿಯ ತಟ್ಟೆ ಮೇಲೇಳಲಾರದು.

ಹೊಲಸಿನ ಕಾರಣವೆನ್ನೋಣವೆ? ಹಿಂದೆ ಊರ ಹೊರಗೆಯೇ ಸುಣ್ಣ, ಜಾಲಿಯ ತೊಗಟೆ, ಅಳಲೆಕಾಯಿಗಳಿಂದ ಚರ್ಮವನ್ನು ಹದ ಮಾಡುತ್ತಿದ್ದರು. ಅದರ ವಾಸನೆ ಸುತ್ತಲೂ ಹಬ್ಬುತ್ತಿತ್ತೆಂಬುದು ನಿಜ. ಆದರೆ ಈಗ ಹದವಾದ ಚರ್ಮ ಬಹುಮಟ್ಟಿಗೆ ಕಾರ್ಖಾನೆಗಳಿಂದ ಬರುತ್ತದೆ. ಹೊಲಿಯುವವನ ಕೈಗೆ ಸುಣ್ಣದ ನೀರು ತಾಗುವುದೇ ಇಲ್ಲ. ವಾಸನೆ ಹೋಯಿತು, ಅಂತರ ಹೋಗಲಿಲ್ಲ. ಕೌಶಲವೂ ಅಲ್ಲ, ಹೊಲಸೂ ಅಲ್ಲ ಎಂದಮೇಲೆ ಉಳಿಯುವ ಕಾರಣ ಒಂದೇ: ಹುಟ್ಟು.

ಈ ಸೀಮೆಯಲ್ಲಿ ಆ ಕಾರಣಕ್ಕೆ ಬೇರುಗಳು ಆಳವಾಗಿವೆ. ಬಾವಿಯಿಂದ ನೀರೆತ್ತುವ ತೊಗಲಿನ ಮೊಟ್ಟೆ, ನೊಗಕ್ಕೆ ಕಟ್ಟುವ ಮಿಣಿ, ಹೊಲಕ್ಕೆ ಹೋಗುವವನ ಕಾಲಿನ ಕೆರ, ಎಲ್ಲವನ್ನೂ ಕೆಲವು ಮನೆಗಳವರೇ ಮಾಡಿಕೊಡಬೇಕಾಗಿತ್ತು. ಸುಗ್ಗಿಯಲ್ಲಿ ರಾಶಿಯಿಂದ ಅವರಿಗೆ ಆಯದ ಕಾಳು ಸಲ್ಲುತ್ತಿತ್ತು. ಪಂಪು ಬಂದು ಮೊಟ್ಟೆ ಹೋಯಿತು. ರಬ್ಬರು, ಪ್ಲಾಸ್ಟಿಕ್ಕು ಬಂದು ಕೆರ ಹೋಯಿತು. ಕೆಲಸ ಹೋದರೂ ಕೆಲಸದ ಹೆಸರಿನಿಂದ ಅಂಟಿದ ಕೀಳುತನ ಮಾತ್ರ ಹೋಗಲಿಲ್ಲ.

ಜೇವರ್ಗಿಯಲ್ಲಿ ಒಬ್ಬ ಮುದುಕರು ನನ್ನ ಚಪ್ಪಲಿಯ ಬಾರು ಹೊಲಿಯುತ್ತಿದ್ದಾಗ, ಮಗನಿಗೆ ಕೆಲಸ ಕಲಿಸಿದ್ದೀರಾ ಎಂದು ಕೇಳಿದೆ. "ಕಲ್ಸಂಗಿಲ್ರೀ ಸಾಹೇಬ್ರ. ನಾ ನೆಲದ ಮ್ಯಾಲ ಕುಂತಿದ್ದು ಸಾಕ್ರೀ. ಅವ ಕುರ್ಚಿ ಮ್ಯಾಲ ಕೂಡ್ಲಿ" ಎಂದರು. ಕೆಲಸದ ಮೇಲೆ ಅವರಿಗೆ ಸಿಟ್ಟಿರಲಿಲ್ಲ. ಹಾಕಿದ ಹೊಲಿಗೆಯನ್ನು ಎರಡು ಸಲ ಜಗ್ಗಿ ನೋಡಿಯೇ ಕೈಗೆ ಕೊಟ್ಟರು.

ಪಟ್ಟಣಿಗರಾದ ನಮಗೆ ಇಂಥ ಮಾತು ಕೇಳಿದರೆ ವ್ಯಥೆಯಾಗುತ್ತದೆ. 'ಅಯ್ಯೋ, ಪರಂಪರೆಯ ಕಲೆ ಅಳಿಯುತ್ತದಲ್ಲ!' ಎನ್ನುತ್ತೇವೆ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಬಂದಾಗ ಹಿಗ್ಗಿದೆವು. ಅದರಲ್ಲಿ ಮಹಾರಾಷ್ಟ್ರದ 4, ಕರ್ನಾಟಕದ 4 ಜಿಲ್ಲೆಗಳಿವೆ. ಅಫಜಲಪುರದ ನೆರೆಯ ಸೊಲ್ಲಾಪುರ, ವಿಜಯಪುರಗಳೆರಡೂ ಅದರೊಳಗೆ. ಕಲಬುರಗಿ ಮಾತ್ರ ಹೊರಗೆ. 2025ರ ಜೂನ್ ತಿಂಗಳಲ್ಲಿ ಇಟಲಿಯ ಮಿಲಾನ್ ನಗರದ ಪ್ರದರ್ಶನದಲ್ಲಿ ಪ್ರಾದಾ ಸಂಸ್ಥೆ ಅದನ್ನೇ ಹೋಲುವ ಚಪ್ಪಲಿಯನ್ನು ಮೂಲದ ಹೆಸರೆತ್ತದೆ ತೋರಿಸಿದಾಗ ಕೆರಳಿದೆವು. ಗದ್ದಲದ ಬಳಿಕ ಅದು ಮೂಲವನ್ನು ಒಪ್ಪಿಕೊಂಡು, ಡಿಸೆಂಬರಿನಲ್ಲಿ ಎರಡೂ ರಾಜ್ಯಗಳ ಸರಕಾರಿ ಚರ್ಮೋದ್ಯಮ ನಿಗಮಗಳೊಡನೆ ಒಪ್ಪಂದ ಮಾಡಿಕೊಂಡಿತು. ಸಂತೋಷವೇ. ಆದರೆ ಪರಂಪರೆ ಉಳಿಯಬೇಕೆನ್ನುವ ನಾವು ಯಾರ ಮಗನಿಂದ ಅದು ಉಳಿಯಬೇಕೆನ್ನುತ್ತೇವೆ? ಆ ಮುದುಕರ ಮಗನಿಂದ. ನಮ್ಮ ಮಗನಿಂದಲ್ಲ.

ಸಮಗಾರ ಹರಳಯ್ಯನ ಕಥೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. 12ನೆಯ ಶತಮಾನದಲ್ಲಿ, ಆಳಂದಕ್ಕೆ ದೂರವಲ್ಲದ ಕಲ್ಯಾಣದಲ್ಲಿ, ಅವನೂ ಅವನ ಹೆಂಡತಿ ಕಲ್ಯಾಣಮ್ಮನೂ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನಿಗೆ ಚಮ್ಮಾವುಗೆ ಮಾಡಿದರೆಂದೂ, ಬಸವಣ್ಣ ಅವನ್ನು ಮೆಟ್ಟದೆ ತಲೆಯ ಮೇಲೆ ಹೊತ್ತನೆಂದೂ ಹೇಳುತ್ತಾರೆ. ಇಷ್ಟು ಕಥೆಗೆ ನಾವೆಲ್ಲ ಕೈ ಮುಗಿಯುತ್ತೇವೆ. ಆದರೆ ಹರಳಯ್ಯನ ಪ್ರಾಣ ಹೋದದ್ದು ಚಮ್ಮಾವುಗೆಯಿಂದಲ್ಲ. ಅವನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ಮದುವೆಯಾದುದರಿಂದ. ಅಂದಿನ ಪಟ್ಟಣ ಚಮ್ಮಾವುಗೆಯ ಮಹಿಮೆಯನ್ನು ಸಹಿಸಿತು. ಅದನ್ನು ಮಾಡಿದವನ ಮನೆಯ ಬಾಗಿಲು ಬೇರೊಂದು ಮನೆಗೆ ತೆರೆದುದನ್ನು ಸಹಿಸಲಿಲ್ಲ.

ನನಗೆ ತೋರುವುದು ಇಷ್ಟು. ಒಂದು ಕಸುಬಿಗೆ ಮಾನ ಬಂದಿತೆನ್ನಬೇಕಾದರೆ ಅದರಲ್ಲಿ ಹುಟ್ಟಿದವನು ಅದನ್ನು ಬಿಟ್ಟು ಹೋಗಬಲ್ಲವನಾಗಬೇಕು. ಅದರಲ್ಲಿ ಹುಟ್ಟದವನು ಅದಕ್ಕೆ ಬರಬಲ್ಲವನಾಗಬೇಕು. ಮೊದಲನೆಯದು ಅಲ್ಪಸ್ವಲ್ಪ ನಡೆದಿದೆ. ಶಾಲೆಯೂ ಕಾನೂನೂ ಅದಕ್ಕೆ ನೆರವಾಗಿವೆ. ಎರಡನೆಯದು ಇನ್ನೂ ಮೊದಲಾಗಿಯೇ ಇಲ್ಲವೆನ್ನಬಹುದು.

ಸಾಧನಗಳಿಲ್ಲವೆಂದಲ್ಲ. ಚರ್ಮ ಕೈಗಾರಿಕೆಗೆಂದೇ ರಾಜ್ಯದಲ್ಲಿ 1976ರಿಂದ ಲಿಡ್ಕರ್ ನಿಗಮವಿದೆ. 2023ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರಕಾರ ಆರಂಭಿಸಿದ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿಯೂ ಚರ್ಮಕಾರನೂ ಒಂದೇ ಪಟ್ಟಿಯಲ್ಲಿದ್ದಾರೆ. ಉಪಕರಣಕ್ಕೆ 15,000 ರೂಪಾಯಿ, ಶೇಕಡಾ 5ರ ಬಡ್ಡಿಗೆ ಮೊದಲು 1 ಲಕ್ಷ, ಆಮೇಲೆ 2 ಲಕ್ಷದವರೆಗೆ ಸಾಲ ಇಬ್ಬರಿಗೂ ಸಮಾನ. ಕಲಬುರಗಿಯ ಬಿಸಿಲಿನಲ್ಲಿ ತೊಗಲಿನ ಕೋಟನ್ನು ಯಾರೂ ತೊಡಲಾರರು, ನಿಜ. ಆದರೆ ಚೀಲ, ಬೆಲ್ಟು, ಚಪ್ಪಲಿಗಳಿಗೆ ಇಲ್ಲಿಯೇ ಗಿರಾಕಿಗಳಿದ್ದಾರೆ. ಕೋಟಿಗೆ ಬೆಂಗಳೂರಿನಲ್ಲಿಯೂ ಅದರಾಚೆಯೂ ಇದ್ದಾರೆ. ಮಿಷನ್ ಹೊಲಿಗೆ ಬಲ್ಲ ಹುಡುಗನೊಬ್ಬ, ಅಥವಾ ಹುಡುಗಿಯೊಬ್ಬಳು, ತೊಗಲಿನ ಸೂಕ್ಷ್ಮವನ್ನು ಅಂಥ ಮುದುಕರ ಬಳಿ ಕುಳಿತು ಕಲಿತರೆ ಅದರಿಂದ ಜೀವನ ಮಾಡಲಾಗದೆಂದು ಹೇಳಲಾರೆ.

ಆದರೆ ಸಾಲ ಉಳಿಯನ್ನು ಕೊಂಡುಕೊಡಬಲ್ಲುದೇ ಹೊರತು ಮನಸ್ಸನ್ನು ಬದಲಿಸಲಾರದು. ಆಳಂದದ ಮೇಷ್ಟರ ಮನೆಯಲ್ಲೋ ಅಫಜಲಪುರದ ಸಾಹುಕಾರರ ಮನೆಯಲ್ಲೋ ಮಗನೊಬ್ಬ, 'ಅಪ್ಪಾ, ನಾನು ತೊಗಲಿನ ಹೊಲಿಗೆ ಕಲಿಯುತ್ತೇನೆ' ಎಂದನೆನ್ನಿ. ಈಗಲಾದರೆ ಆ ಮನೆಯಲ್ಲಿ ಆ ರಾತ್ರಿ ಯಾರೂ ಸರಿಯಾಗಿ ಉಣ್ಣಲಾರರು. ಎಲ್ಲಿ ಕಲಿಯುತ್ತೀ, ತಿಂಗಳಿಗೆ ಎಷ್ಟು ದುಡಿಯಬಹುದು ಎಂದಷ್ಟೇ ಅವರು ಕೇಳುವ ಕಾಲ ಬಂದರೆ, ಜೇವರ್ಗಿಯ ಮುದುಕರೂ ತಮ್ಮ ಉಳಿಯನ್ನು ಮೊಮ್ಮಗನ ಕೈಗೆ ಕೊಡಲು ಅಂಜಲಾರರು. ಬೇಡವೆಂದು ಮೊಮ್ಮಗ ಹೇಳಿದರೂ ಅವರಿಗೆ ಅವಮಾನವೆನಿಸದು.