ಒಳನಾಡಿನ ಬಂದರೂ ಹೊಲದ ಬೆಲೆಯೂ

ಬಂದರು ಎಂಬ ಮಾತು ಕಿವಿಗೆ ಬಿದ್ದ ಕೂಡಲೆ ಕಡಲು, ಹಡಗು, ಮರಳದಂಡೆ ಇವೇ ನಮ್ಮ ಮನಸ್ಸಿಗೆ ಬರುವವು. ಹಾಗಿರುವಾಗ ಕಡಲಿನಿಂದ ಬಹಳ ದೂರದಲ್ಲಿ, ರಾಗಿ ಅವರೆ ಬೆಳೆಯುವ ಬಯಲುಸೀಮೆಯ ನಡುವೆ ಬಂದರು ಕಟ್ಟುವರೆಂದು ಯಾರಾದರೂ ಹೇಳಿದರೆ ಊರಿನ ಹಿರಿಯರು ನಕ್ಕುಬಿಟ್ಟಾರು. ಆದರೂ ಇದು ನಗುವ ಮಾತಲ್ಲ. ಭಾರತದ ಒಳನಾಡಿನಲ್ಲಿ ಇಂಥ ಮೊದಲನೆಯ ಬಂದರು 1981ರಲ್ಲಿ ಬೆಂಗಳೂರಿನಲ್ಲಿಯೇ ತೆರೆಯಲ್ಪಟ್ಟಿತು. ಅದಕ್ಕಿಂತ ಬಹಳ ದೊಡ್ಡದೊಂದನ್ನು ದಾಬಸ್‌ಪೇಟೆಯ ಬಳಿಯ ಮುದ್ದಲಿಂಗನಹಳ್ಳಿಯಲ್ಲಿ, ರೈಲುದಾರಿಯ ಮಗ್ಗುಲಲ್ಲಿ, 400 ಎಕರೆಗಳ ಮೇಲೆ ಕಟ್ಟಬೇಕೆಂದು ಯೋಜಿಸಿ, 2022ನೆಯ ಇಸವಿಯ ಜೂನ್ 20ರಂದು ಪ್ರಧಾನಮಂತ್ರಿಯವರು ಅದಕ್ಕೆ ಅಸ್ತಿವಾರದ ಕಲ್ಲನ್ನು ಇಟ್ಟರು. ಇಂಥ ಕೆಲಸಗಳು ಇನ್ನು ಮುಂದೆ ಒಂದೆರಡಕ್ಕೆ ನಿಲ್ಲುವದಿಲ್ಲ. ಅವುಗಳಿಗೆ ಭೂಮಿ ಬೇಕು. ಭೂಮಿ ಇರುವದು ಹಳ್ಳಿಯವರ ಕೈಯಲ್ಲಿ. ಆದಕಾರಣ ನಮ್ಮ ವಾಚಕರು ಈ ಒಂದು ಪ್ರಶ್ನೆಯನ್ನು ಸಾವಧಾನವಾಗಿ ಆಲೋಚಿಸುವದು ಒಳ್ಳೇದು: ಎಲ್ಲರ ಹಿತಕ್ಕೋಸ್ಕರ ಒಬ್ಬನ ಹೊಲವನ್ನು ಕೇಳುವಾಗ, ತಕ್ಕ ಬೆಲೆಯನ್ನು ಎಣಿಸಿಕೊಟ್ಟ ಮಾತ್ರಕ್ಕೆ ಋಣವು ತೀರಿತೋ?

ಒಳನಾಡಿನ ಬಂದರು ಎಂದರೇನೆಂಬದನ್ನು ಮೊದಲು ತಿಳಿದುಕೊಳ್ಳೋಣ. ಪೂರ್ವದಲ್ಲಿ ಒಂದು ಮೂಟೆ ಸರಕು ಪರದೇಶಕ್ಕೆ ಹೋಗಬೇಕಾದರೆ ಗಾಡಿಯಿಂದ ಉಗ್ರಾಣಕ್ಕೆ, ಉಗ್ರಾಣದಿಂದ ರೈಲಿಗೆ, ರೈಲಿನಿಂದ ಬಂದರಿನ ಕಟ್ಟೆಗೆ, ಕಟ್ಟೆಯಿಂದ ಹಡಗಿನ ಒಡಲಿಗೆ, ಹೀಗೆ ಎಷ್ಟೋ ಸಾರಿ ಹಮಾಲಿಗಳ ಬೆನ್ನನ್ನೇರಿ ಇಳಿಯುತ್ತಿತ್ತು. ದಾರಿಯಲ್ಲಿ ಸೋರಿಕೆಯೂ ಕಳವೂ ತಪ್ಪುತ್ತಿರಲಿಲ್ಲ. ಅಮೇರಿಕ ದೇಶದ ಮಾಲ್ಕಂ ಮೆಕ್ಲೀನ್ ಎಂಬ ಲಾರಿ ಧಣಿಯು ಇದಕ್ಕೊಂದು ಉಪಾಯವನ್ನು ಕಂಡನು. ಸರಕನ್ನು ದೊಡ್ಡ ಲೋಹದ ಪೆಟ್ಟಿಗೆಯಲ್ಲಿ ತುಂಬಿ, ಆ ಪೆಟ್ಟಿಗೆಯನ್ನೇ ಲಾರಿಯಿಂದ ಹಡಗಿಗೆ ಎತ್ತಿ ಇಡುವದೇ ಆ ಉಪಾಯ. 1956ರ ಏಪ್ರಿಲ್ 26ರಂದು ಅವನ ಹಡಗು ಅಂಥ 58 ಪೆಟ್ಟಿಗೆಗಳನ್ನು ಹೊತ್ತು ನ್ಯೂಆರ್ಕಿನಿಂದ ಹ್ಯೂಸ್ಟನ್ ಪಟ್ಟಣಕ್ಕೆ ಹೊರಟಿತು. ಈ ಪೆಟ್ಟಿಗೆಗೆ ಕಂಟೇನರು ಎಂದು ಹೆಸರು. ಈಗ ಸಾಧಾರಣವಾಗಿ 20 ಅಡಿ ಇಲ್ಲವೆ 40 ಅಡಿ ಉದ್ದವಾಗಿರುವದು. ನಮ್ಮ ದೇಶದ ಕೊಚ್ಚಿಯ ಬಂದರಿಗೆ ಕಂಟೇನರಿನ ಮೊದಲನೆಯ ಹಡಗು 1973ರಲ್ಲಿ ಬಂದಿತು.

ಪೆಟ್ಟಿಗೆಯನ್ನು ದಾರಿಯಲ್ಲಿ ಎಲ್ಲಿಯೂ ಬಿಚ್ಚುವ ಅಗತ್ಯವಿಲ್ಲವೆಂದ ಮೇಲೆ, ಸುಂಕದ ಕಛೇರಿಯು ಕಡಲ ತೀರದಲ್ಲಿಯೇ ಯಾಕಿರಬೇಕು? ಸುಂಕದವರು ಒಳನಾಡಿಗೇ ಬಂದು ಕೂತು, ಅಲ್ಲಿಯೇ ಸರಕನ್ನು ಪರೀಕ್ಷಿಸಿ, ಕಾಗದಪತ್ರಗಳನ್ನು ಮುಗಿಸಿ, ಪೆಟ್ಟಿಗೆಗೆ ಮುದ್ರೆ ಹಾಕಿದರೆ, ಅದು ರೈಲನ್ನೇರಿ ನೆಟ್ಟಗೆ ಹಡಗಿನ ಬಳಿಗೆ ಹೋಗಬಹುದು. ಇದೇ ಒಳನಾಡಿನ ಬಂದರು. ಒಂದು ರೈಲು 20 ಅಡಿಯ 90 ಪೆಟ್ಟಿಗೆಗಳನ್ನು ಒಮ್ಮೆಗೇ ಒಯ್ಯುವದು. ಲಾರಿಗೆ ಎರಡೆರಡರಂತೆ ಹೇರಿದರೂ 45 ಲಾರಿಗಳು ಬೇಕಾದೀತು. ಬಂದರಿನ ಸುತ್ತಲೂ ಕಾರ್ಖಾನೆಗಳೂ ಉಗ್ರಾಣಗಳೂ ಏಳುವವು. ಯಾಕಂದರೆ ರೈಲಿನ ಬಾಗಿಲಲ್ಲಿಯೇ ಇರುವ ಕಾರ್ಖಾನೆಗೆ ಸಾಗಣೆಯ ವೆಚ್ಚ ಕಡಿಮೆ.

ಬೆಂಗಳೂರಿನ ಸೀಮೆಯ ಪೆಟ್ಟಿಗೆಗಳು ನಮ್ಮದೇ ಮಂಗಳೂರನ್ನು ಬಿಟ್ಟು ಹೆಚ್ಚಾಗಿ ಚೆನ್ನೈಗೆ ಹೋಗುವದು ಯಾಕೆಂದು ಕೆಲವರು ಕೇಳಬಹುದು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿನ ವರೆಗೆ ಸುಮಾರು 55 ಕಿಲೋಮೀಟರು ಘಟ್ಟದ ದಾರಿಯಲ್ಲಿ 57 ಸುರಂಗಗಳಿವೆ, ಪ್ರತಿ 50 ಅಡಿಗೆ ಒಂದಡಿಯ ಇಳಿಜಾರಿದೆ; ಭಾರದ ರೈಲಿಗೆ ಅದು ಸುಲಭದ ದಾರಿಯಲ್ಲ.

ಇಂಥ ಬಂದರಿನಿಂದ ಲಾಭವೇ ಇಲ್ಲವೆಂದು ಹೇಳುವದು ಸತ್ಯವಲ್ಲ, ಅದು ಪಟ್ಟಣದ ಧನಿಕರಿಗೆ ಮಾತ್ರವೇ ಎನ್ನುವದೂ ಪೂರ್ಣವಾದ ಸತ್ಯವಲ್ಲ. ಕರ್ನಾಟಕದ ಸಣ್ಣ ರೈತರು ಅರ್ಧ ಎಕರೆ ಒಂದೆಕರೆಯಲ್ಲಿ ಬೆಳೆಯುವ ಮಿಡಿಸೌತೆಯು ಉಪ್ಪುನೀರಿನ ಪೀಪಾಯಿಗಳಲ್ಲಿ ತುಂಬಿ ಯೂರೋಪಿನ ಊಟದ ಮೇಜುಗಳಿಗೆ ಹೋಗುತ್ತದೆ. ಅದನ್ನು ಒಯ್ಯುವದು ಈ ಪೆಟ್ಟಿಗೆಯೇ. ಸಾಗಣೆಯ ವೆಚ್ಚ ತಗ್ಗಿದರೆ ರೈತನಿಗೂ ನಾಲ್ಕು ಕಾಸು ಉಳಿಯಬಹುದು. (ನಡುವೆ ನಿಂತ ವ್ಯಾಪಾರಿಯು ಉಳಿಯಗೊಟ್ಟರೆ.) ಲಾರಿಗಳು ಕಡಿಮೆಯಾದಷ್ಟೂ ಹೊಗೆಯೂ ರಸ್ತೆಯ ಮರಣಗಳೂ ಕಡಿಮೆಯಾದಾವು. ಹೀಗಿರುವದರಿಂದ ಸಾರ್ವಜನಿಕರ ಹಿತ ಎಂಬ ಮಾತು ಇಲ್ಲಿ ಬರೀ ನೆಪವೆಂದು ನಾವು ಹೇಳಲಾರೆವು.

ಆದರೆ ಈ ಲಾಭವು ಎಲ್ಲಿಂದ ಹುಟ್ಟಿತೆಂಬದನ್ನೂ ನೋಡಬೇಕು. 1956ರಲ್ಲಿ ಬಿಡಿ ಸರಕನ್ನು ಹಡಗಿಗೆ ತುಂಬಲು ಟನ್ನಿಗೆ ಸುಮಾರು 6 ಡಾಲರು ತಗಲುತ್ತಿದ್ದಾಗ, ಮೆಕ್ಲೀನನ ಪೆಟ್ಟಿಗೆಗಳಿಗೆ ಟನ್ನಿಗೆ ಸುಮಾರು 16 ಸೆಂಟು, ಅಂದರೆ ಡಾಲರಿನ ಆರನೆಯ ಒಂದು ಪಾಲಿನಷ್ಟು, ಸಾಕಾಯಿತಂತೆ. ಉಳಿದ ಹಣ ಯಾರದು? ಅದರಲ್ಲಿ ಬಹಳ ಪಾಲು ಹೊರುವವರ ಕೂಲಿಯೇ. ಬೆನ್ನುಗಳ ಕೆಲಸವನ್ನು ಕ್ರೇನು ಮಾಡುವದೇ ಈ ಪೆಟ್ಟಿಗೆಯ ಗುಟ್ಟು. ಆದಕಾರಣ ಬಂದರು ಬಂದರೆ ಊರಿನವರಿಗೆಲ್ಲಾ ಕೆಲಸ ಸಿಕ್ಕುವದೆಂದು ಯಾರಾದರೂ ಬಂದು ಹೇಳುವಾಗ, ಅವರು ಸುಳ್ಳು ಹೇಳುತ್ತಾರೆಂದು ನಾವು ಎಣಿಸಬೇಕಾಗಿಲ್ಲ. ಆದರೆ ಎಂಥ ಕೆಲಸ, ಎಷ್ಟು ಮಂದಿಗೆ, ಯಾವ ವಿದ್ಯೆ ಕಲಿತವರಿಗೆ ಎಂದು ಕೇಳದೆ ತಲೆಯಾಡಿಸುವದು ಬುದ್ಧಿಯಲ್ಲ. ದೊಡ್ಡ ಉಗ್ರಾಣವು ಎಕರೆಗಟ್ಟಲೆ ನೆಲವನ್ನು ನುಂಗಿಯೂ ಕೆಲವೇ ಮಂದಿಗೆ ಅನ್ನ ಕೊಡಬಹುದು. ಅದರ ಮಗ್ಗುಲಲ್ಲಿ ಕಟ್ಟುವ ಕಾರ್ಖಾನೆಗಳೇ ಹೆಚ್ಚು ಮಂದಿಯನ್ನು ಕರೆಯುವವು, ಅವು ಬಂದರೆ.

ಇನ್ನು ಭೂಮಿಯ ಸಂಗತಿ. ಸಾಮಾನಿನ ರೈಲಿನ ಉದ್ದವು ಸುಮಾರು 700 ಮೀಟರು. ಅದು ಪೂರ್ತಿಯಾಗಿ ನಿಲ್ಲುವಷ್ಟು ನೀಳವಾದ, ತಗ್ಗುದಿಣ್ಣೆಯಿಲ್ಲದ, ರೈಲುದಾರಿಗೂ ಹೆದ್ದಾರಿಗೂ ಸಮೀಪವಾದ ನೆಲವು ಇಂಥ ಬಂದರಿಗೆ ಬೇಕು. ಅಂಥ ನೆಲವು ಎಲ್ಲೆಂದರಲ್ಲಿ ಇರುವದಿಲ್ಲ. ಇದ್ದ ಕಡೆಯಲ್ಲಿ ಅದು ಬಹುಶಃ ಯಾವನೋ ಒಬ್ಬನ ಒಳ್ಳೇ ಹೊಲವೇ ಆಗಿರುವದು. ಅವನ ತಾತನು ಕಲ್ಲು ಆಯ್ದು, ಬದು ಹಾಕಿ, ಗೊಬ್ಬರ ಹೊಡೆದು ಅದನ್ನು ಸಮಮಾಡಿದನು. ಆ ಸಮವೇ ಈಗ ಅಳತೆಗಾರನ ಕಣ್ಣಿಗೆ ಬಿದ್ದಿತು. ಇದರಲ್ಲಿ ಯಾರ ಹಗೆಯೂ ಇಲ್ಲ, ರೈತನ ದೋಷವೂ ಇಲ್ಲ. ಆದರೂ ನೂರು ಹಳ್ಳಿಗಳ ಹಿತದ ಭಾರವು ಈ ಒಬ್ಬನ ತಲೆಯ ಮೇಲೆ ಬಂದು ಕೂತಿರುವದು.

ಇಂಥ ಸಂಗತಿಯಲ್ಲಿ ನಾಬೋತನ ದ್ರಾಕ್ಷೇತೋಟವು ನಮ್ಮ ವಾಚಕರಿಗೆ ನೆನಪಿಗೆ ಬಾರದೆ ಇರಲಾರದು. ಆ ಕಥೆಯ ಕೊನೆಯಲ್ಲಿ ಆದ ಕೊಲೆಯನ್ನೇ ನಾವು ಹೆಚ್ಚಾಗಿ ನೆನಸುವೆವು. ಮೊದಲಲ್ಲಿ ನಡೆದ ಮಾತನ್ನು ಮರೆಯುವೆವು. ಅಹಾಬನು ಮೊದಲು ಅನ್ಯಾಯವಾದದ್ದನ್ನು ಕೇಳಲಿಲ್ಲ. ಅದಕ್ಕಿಂತ ಒಳ್ಳೇ ತೋಟವನ್ನಾಗಲಿ ತಕ್ಕ ಹಣವನ್ನಾಗಲಿ ಕೊಡುವೆನೆಂದನು. ಈಗಿನ ಅಧಿಕಾರಿಗಳೂ ಇದಕ್ಕಿಂತ ಹೆಚ್ಚೇನೂ ಹೇಳುವದಿಲ್ಲ. ಆದರೆ ನಾಬೋತನಿಗೆ ಅದು ಮಾರಾಟದ ಸಾಮಾನಲ್ಲ, ಪಿತೃಗಳ ಸ್ವಾಸ್ತ್ಯ. ಒಂದು ವ್ಯತ್ಯಾಸವನ್ನು ಮಾತ್ರ ಮರೆಯಬಾರದು: ಅರಸನು ಕೇಳಿದ್ದು ತನ್ನ ಕಾಯಿಪಲ್ಯದ ತೋಟಕ್ಕೆ, ರೈಲುದಾರಿಯೋ ಬಂದರೋ ಒಬ್ಬನ ಅಡಿಗೆಮನೆಗಲ್ಲ. ಹಾಗಾದರೆ ಒಬ್ಬನು ಒಪ್ಪದೆ ಹೋದದ್ದಕ್ಕೆ ನೂರು ಮಂದಿಯ ಕೆಲಸವು ನಿಲ್ಲಬೇಕೋ? ಯಾವಾಗಲೂ ನಿಲ್ಲಬೇಕೆಂದು ನಾವು ಹೇಳೆವು. ಹಾಗೆ ಹೇಳುವವನು ಇನ್ನೊಬ್ಬನ ಹೊಲದ ಮೇಲೆ ಹಾಕಿದ ರೈಲಿನಲ್ಲಿ ಕೂತು ಆಸ್ಪತ್ರೆಗೆ ಹೋಗುವವನೇ ಆಗಿರುವನು. ಆದರೆ ಒಪ್ಪದವನಿಂದ ತೆಗೆದುಕೊಳ್ಳುವ ಅಧಿಕಾರವುಳ್ಳವನಿಗೆ ನ್ಯಾಯದ ಹೊರೆಯು ಹೆಚ್ಚಾಗುವದೇ ಹೊರತು ಕಡಿಮೆಯಾಗುವದಿಲ್ಲ. ಅಂಥವನು ಬೇಕಾದದ್ದಕ್ಕಿಂತ ಒಂದು ಗುಂಟೆಯನ್ನಾದರೂ ಹೆಚ್ಚಿಗೆ ತೆಗೆದು ಹಾಳುಬಿಟ್ಟರೆ ಅದು ಕಳವಿಗೆ ಸಮೀಪವೆಂದೇ ನಮ್ಮ ಅಭಿಪ್ರಾಯ.

ಕಾಯಿದೆಯು ಈ ಹೊರೆಯನ್ನು ಎಷ್ಟರ ಮಟ್ಟಿಗೆ ಹೊತ್ತಿದೆ? 1894ರ ಹಳೆಯ ಕಾಯಿದೆಯು ಭೂಮಿಯ ಒಡೆಯನಿಗೆ ಹಣ ಕೊಡುವದರಲ್ಲಿಯೇ ಬಹುಮಟ್ಟಿಗೆ ತೃಪ್ತಿಪಟ್ಟಿತ್ತು. ಅದನ್ನು ತೆಗೆದುಹಾಕಿ 2013ರಲ್ಲಿ ಮಾಡಿದ ಕಾಯಿದೆಯು 2014ರ ಜನವರಿ 1ರಿಂದ ನಡೆಯುತ್ತಿದೆ. ಅದರಂತೆ ಖಾಸಗಿ ಕಂಪೆನಿಗಾಗಿ ತೆಗೆದರೆ ನೂರಕ್ಕೆ 80 ಕುಟುಂಬಗಳೂ, ಸರಕಾರವೂ ಖಾಸಗಿಯವರೂ ಕೂಡಿ ಮಾಡುವ ಕೆಲಸಕ್ಕಾದರೆ ನೂರಕ್ಕೆ 70 ಕುಟುಂಬಗಳೂ ಮೊದಲು ಒಪ್ಪಬೇಕು. ನಮಗೆ ಇದಕ್ಕಿಂತಲೂ ದೊಡ್ಡದಾಗಿ ಕಾಣುವ ಮಾತು ಇನ್ನೊಂದುಂಟು: ಹೊಲವಿಲ್ಲದ ಕೂಲಿಯವರೂ ಗೇಣಿದಾರರೂ ಮೂರು ವರುಷಗಳಿಂದ ಆ ನೆಲವನ್ನೇ ನಂಬಿ ಬದುಕಿದ್ದರೆ ಅವರನ್ನೂ ಬಾಧೆಗೊಳಗಾದ ಕುಟುಂಬವೆಂದು ಎಣಿಸಬೇಕೆಂದು ಆ ಕಾಯಿದೆ ಹೇಳುತ್ತದೆ. ಅಂಥ ಕುಟುಂಬಕ್ಕೆ ಒಬ್ಬನಿಗೆ ಕೆಲಸ, ಇಲ್ಲವೆ ಒಂದೇ ಸಾರಿ 5 ಲಕ್ಷ ರೂಪಾಯಿ, ಇಲ್ಲವೆ 20 ವರುಷಗಳ ವರೆಗೆ ತಿಂಗಳಿಗೆ 2,000 ರೂಪಾಯಿಗೆ ಕಡಿಮೆಯಿಲ್ಲದ ವರ್ಷಾಶನ, ಇವುಗಳಲ್ಲಿ ಒಂದು ಸಲ್ಲತಕ್ಕದ್ದು. ಆದರೆ ಕರ್ನಾಟಕದಲ್ಲಿ ಕೈಗಾರಿಕಾ ಪ್ರದೇಶಗಳಿಗೆ ಭೂಮಿಯನ್ನು ತೆಗೆದುಕೊಳ್ಳುವ ದಾರಿಯೇ ಬೇರೆ. ಅದು 1966ರ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯಿದೆಯ 28ನೆಯ ಕಲಮು. ಅದರಲ್ಲಿ ಮೊದಲು ಪ್ರಕಟಣೆ, ನೋಟೀಸು ಮುಟ್ಟಿದ 30 ದಿವಸಗಳೊಳಗೆ ತಕರಾರು, ತಕರಾರನ್ನು ಕೇಳಿದ ಮೇಲೆ ಕಡೇ ಪ್ರಕಟಣೆ, ಅದರೊಂದಿಗೆ ಭೂಮಿಯು ಸರಕಾರದ್ದು. ನೂರಕ್ಕೆ ಇಷ್ಟು ಮಂದಿ ಒಪ್ಪಬೇಕೆಂಬ ಮಾತು ಆ ಕಲಮಿನಲ್ಲಿ ಇಲ್ಲ.

ಬೆಲೆಯ ಸಂಗತಿಯಲ್ಲಿ ನಮ್ಮನ್ನು ಹೆಚ್ಚಾಗಿ ಚಿಂತೆಗೀಡುಮಾಡುವದು ಅದು ಕಡಿಮೆಯಾಯಿತೆಂಬದಲ್ಲ, ಅದು ಯಾರಿಗೆ ಮುಟ್ಟಿತೆಂಬದೇ. ಹಣವು ಪಹಣಿಯನ್ನು ನೋಡಿ ಬರುವದು. ಹೊಲವು ಸಾಕುತ್ತಿದ್ದವರೆಲ್ಲರೂ ಪಹಣಿಯಲ್ಲಿಲ್ಲ. ಕಳೆ ಕಿತ್ತು ದಿನಗೂಲಿ ತರುತ್ತಿದ್ದ ವಿಧವೆ, ಸುಗ್ಗಿಯಲ್ಲಿ ಕಣ ಮಾಡಿ ಕಾಳು ತರುತ್ತಿದ್ದ ಆಳು, ಬೆಳೆ ಕೊಯ್ದ ಮೇಲೆ ಮಂದೆ ಹಾಕುತ್ತಿದ್ದ ಕುರುಬ, ನೇಗಿಲು ಹರಿತಮಾಡಿ ರಾಗಿ ಪಡೆಯುತ್ತಿದ್ದ ಕಮ್ಮಾರ, ಇವರ ಹೆಸರು ಯಾವ ಕಾಗದದಲ್ಲಿಯೂ ಇಲ್ಲ. ಖಾತೇದಾರನಿಗೆ ಕೋಟಿಯೇ ಬರಲಿ. ಇವರ ಮನೆಯಲ್ಲಿ ಮರುದಿವಸವೇ ಒಲೆ ತಣ್ಣಗಾಗುವದು. ನಮ್ಮ ಸಭೆಗಳಲ್ಲಿ ಹೊಲವುಳ್ಳವರಿಗಿಂತ ಇಂಥವರೇ ಹೆಚ್ಚು ಮಂದಿ ಎಂಬದನ್ನು ಹೇಳಬೇಕಾಗಿಲ್ಲ. ಖಾತೇದಾರನ ಮನೆಯೊಳಗೂ ಇದೇ ಮಾತು: ಕ್ರೈಸ್ತರಿಗೆ ಸಲ್ಲುವ 1925ರ ಉತ್ತರಾಧಿಕಾರದ ಕಾಯಿದೆಯಂತೆ, ತಂದೆಯು ಮರಣಶಾಸನವಿಲ್ಲದೆ ತೀರಿಕೊಂಡರೆ ಮಕ್ಕಳ ಪಾಲಿನಲ್ಲಿ ಹೆಣ್ಣಿಗೂ ಗಂಡಿಗೂ ಸಮಭಾಗವುಂಟು. ತಂದೆಯ ಹೊಲದ ಹಣ ಬಂದ ದಿವಸ ಮದುವೆಯಾಗಿ ಹೋದ ತಂಗಿಯನ್ನು ಮರೆಯುವವನು ಸರಕಾರವನ್ನು ದೂರುವದಕ್ಕೆ ಯಾವ ಬಾಯಿ?

ಹಣಕ್ಕೆ ಬದಲಾಗಿ, ರಸ್ತೆ ನೀರುಗಳನ್ನು ಒದಗಿಸಿದ ನಿವೇಶನವನ್ನು ಅಲ್ಲಿಯೇ ಕೊಡುವ ಪದ್ಧತಿಯೂ ಉಂಟು. ಹಣಕ್ಕಿಂತ ಇದು ಮೇಲೆಂದು ನಮಗೆ ತೋರುತ್ತದೆ. ಬಂದರು ಬೆಳೆದಂತೆ ಅದರ ಬೆಲೆಯೂ ಬೆಳೆಯುವದು, ಭೂಮಿ ಕೊಟ್ಟವನು ಬೇಲಿಯ ಹೊರಗೆ ನಿಂತು ನೋಡುವವನಾಗದೆ ಒಳಗಿನವನಾಗುವನು. ಆದರೆ ಕೂಲಿಯವನಿಗೆ ನಿವೇಶನವೂ ಇಲ್ಲ. ಅವನ ಮಗನಿಗೆ ಕ್ರೇನು ನಡಿಸುವ ವಿದ್ಯೆಯನ್ನು ಕಟ್ಟಡ ಏಳುವದಕ್ಕಿಂತ ಮೊದಲೇ ಕಲಿಸಿದರೆ ಅದೇ ಅವನ ಪಾಲು. ಕಟ್ಟಿ ಮುಗಿದ ಮೇಲೆ ಕಲಿಸುವೆವೆಂದರೆ ಆ ಕುರ್ಚಿಯಲ್ಲಿ ಬೇರೊಬ್ಬನು ಕೂತಾಗಿರುವದು.

ಕರಾವಳಿಯ ವಾಚಕರಿಗೆ ಇವೆಲ್ಲಾ ಹೊಸ ಮಾತುಗಳಲ್ಲ. 1974ರಲ್ಲಿ ಕೆಲಸ ಆರಂಭಿಸಿದ ನವಮಂಗಳೂರು ಬಂದರಿಗಾಗಿ ಪಣಂಬೂರು ಬೈಕಂಪಾಡಿಗಳ ಮನೆಗಳು ಎದ್ದು ಒಳಗಿನ ಕಾಟಿಪಳ್ಳ ಕೃಷ್ಣಾಪುರಗಳಿಗೆ ಹೋದವು. ಬಂದರು ನಾಡಿಗೆ ಉಪಕಾರವಾಯಿತು. ಅದನ್ನು ಯಾರೂ ಅಲ್ಲಗಳೆಯರು. ಆದರೆ ಮನೆಗೆ ಬದಲು ಮನೆ ಕಟ್ಟಬಹುದು, ಕಡಲಿನ ಬದಿಯ ಬದುಕಿಗೆ ಬದಲು ಬದುಕನ್ನು ಅಳೆದುಕೊಡುವ ಸರಪಳಿ ಯಾವ ಮೋಜಣಿದಾರನ ಬಳಿಯಲ್ಲಿಯೂ ಇಲ್ಲ. ಇತ್ತ ದೇವನಹಳ್ಳಿ ತಾಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ ವಿಮಾನಗಳ ಕೈಗಾರಿಕೆಗಾಗಿ 1,777 ಎಕರೆಗಳನ್ನು ತೆಗೆಯಲು ಹೊರಟಾಗ, ಹದಿಮೂರು ಹಳ್ಳಿಗಳ ರೈತರು ಮೂರು ವರುಷಗಳಿಗಿಂತಲೂ ಹೆಚ್ಚು ಕಾಲ ಕೂತು ತಕರಾರು ಮಾಡಿದರು. 2025ರ ಜುಲೈ 15ರಂದು ಸರಕಾರವು ಆ ಪ್ರಕಟಣೆಯನ್ನು ಕೈಬಿಡುವದಾಗಿಯೂ, ಮನಸಾರೆ ಕೊಡುವವರಿಂದ ಮಾತ್ರ ಭೂಮಿ ಪಡೆಯುವದಾಗಿಯೂ ತಿಳಿಸಿತು. ಕೊಡೆನೆಂದವರನ್ನು ದೇಶದ್ರೋಹಿಗಳೆಂದೂ, ಕೊಡುವೆನೆಂದವರನ್ನು ಊರುಮಾರುಕರೆಂದೂ ಜರಿಯುವದು ಎರಡೂ ಕೂಡದು. ಮೂರು ಹೆಣ್ಣುಮಕ್ಕಳ ತಂದೆಯಾದ ಸಾಲಗಾರನೊಬ್ಬನು ಹೊಲವನ್ನು ಕೊಟ್ಟರೆ ಅವನ ಲೆಕ್ಕವನ್ನು ನಾವು ಯಾಕೆ ಬರೆಯಬೇಕು?

ಆದರೆ ನೋಟೀಸು ಬಂದ ಊರಿನಲ್ಲಿ ಆ 30 ದಿವಸಗಳನ್ನು ಮಾತಿನಲ್ಲಿ ಕಳೆಯಬಾರದು. ತಕರಾರನ್ನು ಬರೆಯುವಾಗ ಸರ್ವೆ ನಂಬರು, ಬಾವಿ, ಹುಣಿಸೆಮರ, ತೆಂಗಿನಮರಗಳನ್ನು ಎಣಿಸಿ ಬರೆಯುವದು ಎಲ್ಲರಿಗೂ ಗೊತ್ತು. ಅದೇ ಕಾಗದದ ಕೆಳಗೆ ಆ ಹೊಲದಲ್ಲಿ ಮೂರು ವರುಷಗಳಿಂದ ಕೂಲಿ ಮಾಡಿದವರ ಹೆಸರುಗಳನ್ನೂ, ಮಂದೆ ಹಾಕಿದವರ ಹೆಸರುಗಳನ್ನೂ ಬರೆದು, ಖಾತೇದಾರನೇ ಅದಕ್ಕೆ ರುಜು ಹಾಕಲಿ. ಓದುಬರಹ ಬಲ್ಲ ನಮ್ಮ ಯೌವನಸ್ಥರು ಒಂದು ಸಾಯಂಕಾಲ ಕೂತರೆ ಆ ಪಟ್ಟಿಯು ಮುಗಿಯುವದು. ಒಂದು ಪ್ರತಿಯನ್ನು ಅಧಿಕಾರಿಗೆ ಕೊಟ್ಟು, ಇನ್ನೊಂದರ ಮೇಲೆ ಕಛೇರಿಯ ಮೊಹರು ತಾರೀಖುಗಳನ್ನು ಹಾಕಿಸಿಕೊಂಡು ಮನೆಗೆ ತರಬೇಕು.